ದ್ವೀಪ ತೀರದ ಮಧುಚಂದ್ರ: ಬಿಲ್ಲು, ತೆರಿಗೆ ಮತ್ತು ಲೆಕ್ಕಪತ್ರ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದ ಕಾಲದಲ್ಲಿ ಮದುವೆಯ ಖರ್ಚು ಬೀಗರ ಔತಣದೊಂದಿಗೆ ಮುಗಿಯುತ್ತಿತ್ತು. ಇಂದು ಔತಣದ ಮರುದಿನವೇ ಇನ್ನೊಂದು ಖರ್ಚು ಆರಂಭವಾಗುತ್ತದೆ. ನವದಂಪತಿಗಳು ಮಾಲ್ಡೀವ್ಸ್, ಅಂಡಮಾನ್ ಅಥವಾ ಲಕ್ಷದ್ವೀಪದ ಕಡಲ ತೀರಕ್ಕೆ ಹೊರಡುತ್ತಾರೆ. ಅದು ಅವರ ಸಂತೋಷದ ವಿಷಯ; ಅದರಲ್ಲಿ ಲೆಕ್ಕ ಪರಿಶೋಧಕನಿಗೆ ಕೆಲಸವಿಲ್ಲ. ಆದರೆ ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಮನೆಗಳಲ್ಲಿ ಈ ಪ್ರವಾಸದ ಹಣವು ಬಹಳ ಸಲ ಅಂಗಡಿಯ ಅಥವಾ ಕಾರ್ಖಾನೆಯ ಬ್ಯಾಂಕ್ ಖಾತೆಯಿಂದಲೇ ಸಂದಾಯವಾಗುತ್ತದೆ. ಬಿಲ್ಲು ಒಬ್ಬರ ಹೆಸರಿನಲ್ಲಿ, ಪಾವತಿ ಮತ್ತೊಬ್ಬರ ಖಾತೆಯಿಂದ, ಪ್ರಯಾಣ ಮೂರನೆಯವರದು. ತೊಡಕು ಹುಟ್ಟುವುದು ಇಲ್ಲಿಯೇ.

ಪ್ರವಾಸವನ್ನು ನಿಶ್ಚಯಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ನಿಜವಾದ ಖರ್ಚು ಎಷ್ಟು? ಬಿಲ್ಲು ಯಾರ ಹೆಸರಿನಲ್ಲಿ? ಅದು ಯಾವ ಖಾತೆಗೆ ಹೋಗಬೇಕು? ಈ ಮೂರನ್ನೂ ಕ್ರಮವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ದ್ವೀಪದ ಬೆಲೆ ಏಕೆ ಹೆಚ್ಚು?

ಮಾಲ್ಡೀವ್ಸ್ ದೇಶವು ಹಿಂದೂ ಮಹಾಸಾಗರದಲ್ಲಿ ಹರಡಿರುವ ಸುಮಾರು 1,190 ಹವಳದ ದ್ವೀಪಗಳ ಸಮೂಹ. ಅಲ್ಲಿ ಪ್ರವಾಸೋದ್ಯಮ ಆರಂಭವಾದದ್ದು 1972ರಲ್ಲಿ. 'ಒಂದು ದ್ವೀಪ, ಒಂದು ರೆಸಾರ್ಟ್' ಎಂಬುದು ಆ ಉದ್ಯಮದ ಮೂಲ ಕ್ರಮ. ಜನವಸತಿಯಿಲ್ಲದ ಒಂದು ದ್ವೀಪವನ್ನು ಸರ್ಕಾರದಿಂದ ಗುತ್ತಿಗೆ ಪಡೆದು, ಇಡೀ ದ್ವೀಪವನ್ನೇ ಒಂದು ವಸತಿಗೃಹವನ್ನಾಗಿ ನಡೆಸಲಾಗುತ್ತದೆ. ನವದಂಪತಿಗಳು ಬಯಸುವ ಏಕಾಂತ ಇದರಿಂದ ದೊರೆಯುತ್ತದೆ. ಅದರ ಬೆಲೆಯ ಕಾರಣವೂ ಅಲ್ಲಿಯೇ ಇದೆ.

ಕಾರ್ಖಾನೆ ನಡೆಸುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಇಂತಹ ದ್ವೀಪಕ್ಕೆ ವಿದ್ಯುತ್ ಮಂಡಳಿಯ ತಂತಿಯಿಲ್ಲ, ನಗರಸಭೆಯ ನಲ್ಲಿಯಿಲ್ಲ. ರೆಸಾರ್ಟಿನವರೇ ಜನರೇಟರ್ ಇಟ್ಟು ವಿದ್ಯುತ್ ಉತ್ಪಾದಿಸಬೇಕು, ಸಮುದ್ರದ ನೀರನ್ನು ಸಿಹಿನೀರಾಗಿಸಬೇಕು, ನೌಕರರಿಗೆ ಅಲ್ಲಿಯೇ ವಸತಿ ಕಲ್ಪಿಸಬೇಕು. ಅಕ್ಕಿ, ತರಕಾರಿ, ಮೊಟ್ಟೆ ಎಲ್ಲವೂ ಹೊರಗಿನಿಂದ ಬರಬೇಕು. ಭಾರತವೇ 1981ರ ವ್ಯಾಪಾರ ಒಪ್ಪಂದದ ಅನ್ವಯ ಅನೇಕ ಅಗತ್ಯ ವಸ್ತುಗಳನ್ನು ಆ ದೇಶಕ್ಕೆ ರಫ್ತು ಮಾಡುತ್ತಿದೆ. ಕೋಣೆ ತುಂಬಲಿ ಬಿಡಲಿ, ಈ ಸ್ಥಿರ ವೆಚ್ಚ ನಿಲ್ಲುವುದಿಲ್ಲ. ಇಂದು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ದಾಸ್ತಾನಿನಿಂದ ತೆಗೆದು ಮಾರಲೂ ಆಗದು. ಆದ್ದರಿಂದಲೇ ಹವಾಮಾನ ಹಿತವಾಗಿರುವ ತಿಂಗಳುಗಳಲ್ಲಿ ದರ ಏರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ.

ಮಾಲ್ಡೀವ್ಸ್‌ನಲ್ಲಿ ಸುಮಾರಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ ಒಣ ಹವೆ, ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನೈಋತ್ಯ ಮಾರುತದ ಮಳೆ. ನಮ್ಮಲ್ಲಿ ವೈಶಾಖ, ಜ್ಯೇಷ್ಠ ಮಾಸಗಳ ಲಗ್ನಗಳು ಮುಗಿಯುವ ಹೊತ್ತಿಗೆ ಅಲ್ಲಿ ಮಳೆ ಹಿಡಿದಿರುತ್ತದೆ. ಆ ಸಮಯದಲ್ಲಿ ದೊರೆಯುವ ರಿಯಾಯಿತಿ ನಿಜವಾದುದೇ. ಆದರೆ ಅದು ಕೆಟ್ಟ ಹವಾಮಾನದ ಅಪಾಯವನ್ನು ಕೊಳ್ಳುವವರ ತಲೆಗೆ ವರ್ಗಾಯಿಸಿದ್ದಕ್ಕೆ ಕೊಟ್ಟ ರಿಯಾಯಿತಿ ಎಂಬುದನ್ನು ತಿಳಿದು ಒಪ್ಪಬೇಕು.

2. ಬಿಲ್ಲನ್ನು ಬಿಡಿಸಿ ಓದುವ ಕ್ರಮ

ಜಾಹೀರಾತಿನಲ್ಲಿ ಕಾಣುವ ದರಕ್ಕೂ ಕೊನೆಯಲ್ಲಿ ಕೊಡುವ ಮೊತ್ತಕ್ಕೂ ಇರುವ ಅಂತರವನ್ನು ಒಂದು ಉದಾಹರಣೆಯಿಂದ ನೋಡೋಣ. ಕೋಣೆಯ ಮತ್ತು ಸಾಗಣೆಯ ದರಗಳು ಲೆಕ್ಕಕ್ಕಾಗಿ ಊಹಿಸಿದವು. ತೆರಿಗೆಯ ದರಗಳು ಮಾತ್ರ ವಾಸ್ತವ. ಮಾಲ್ಡೀವ್ಸ್‌ನಲ್ಲಿ ಪ್ರವಾಸೋದ್ಯಮ ಸರಕು ಮತ್ತು ಸೇವಾ ತೆರಿಗೆಯು 2023ರ ಜನವರಿ 1ರಿಂದ ಶೇ. 16 ಇದ್ದುದು, 2025ರ ಜುಲೈ 1ರಿಂದ ಶೇ. 17ಕ್ಕೆ ಏರಿತು. ಹಸಿರು ತೆರಿಗೆಯು 2025ರ ಜನವರಿ 1ರಿಂದ ರೆಸಾರ್ಟುಗಳಲ್ಲಿ ತಲೆಗೆ ದಿನಕ್ಕೆ 12 ಡಾಲರ್ ಆಯಿತು. ಇದಲ್ಲದೆ ಶೇ. 10ರ ಸೇವಾ ಶುಲ್ಕ ಸೇರುತ್ತದೆ.

ದಂಪತಿಗಳಿಗೆ ದಿನಕ್ಕೆ 300 ಡಾಲರ್ ದರದ ಕೋಣೆ, 4 ರಾತ್ರಿಯ ವಾಸ್ತವ್ಯ:

ಕೋಣೆಯ ಬಾಡಿಗೆ (300 x 4): 1,200.00 ಡಾಲರ್
ಸೇವಾ ಶುಲ್ಕ ಶೇ. 10: 120.00
ಇವೆರಡರ ಮೇಲೆ ತೆರಿಗೆ ಶೇ. 17: 224.40
ಹಸಿರು ತೆರಿಗೆ (12 x 2 x 4): 96.00
ಜಲವಿಮಾನದ ಹೋಗಿಬರುವ ದರ, ತೆರಿಗೆ ಸೇರಿ (400 x 2): 800.00
ಒಟ್ಟು: 2,440.40 ಡಾಲರ್

ಜಾಹೀರಾತಿನ 1,200 ಡಾಲರ್, ವಿಮಾನದ ಟಿಕೆಟ್ಟನ್ನು ಸೇರಿಸುವ ಮೊದಲೇ ಎರಡು ಪಟ್ಟಿಗೂ ಮೀರಿತು. ಲೆಕ್ಕದ ಸುಲಭಕ್ಕಾಗಿ ಡಾಲರಿಗೆ 90 ರೂ. ಎಂದು ಹಿಡಿದರೆ ಇದು 2,19,636 ರೂ. ಆಗುತ್ತದೆ. ಈ ಮೊತ್ತವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಬರುತ್ತದೆ.

ಮೇಲಿನ ಪಟ್ಟಿಯಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ತೆರಿಗೆಯು ಬಾಡಿಗೆಯ ಮೇಲೆ ಮಾತ್ರವಲ್ಲದೆ ಸೇವಾ ಶುಲ್ಕದ ಮೇಲೂ ಬೀಳುತ್ತದೆ. ಆದ್ದರಿಂದ ಕೂಡುವುದು ಶೇ. 27 ಅಲ್ಲ, ಶೇ. 28.7. ದರಪಟ್ಟಿಯಲ್ಲಿ ಬೆಲೆಯ ಮುಂದೆ ಎರಡು ಸಂಕಲನ ಚಿಹ್ನೆಗಳಿದ್ದರೆ ಇವೆರಡೂ ಇನ್ನೂ ಸೇರಬೇಕಾಗಿವೆ ಎಂದೇ ಅರ್ಥ. ಎರಡನೆಯದು, ಜಲವಿಮಾನಗಳು ಹಗಲಿನಲ್ಲಿ ಮಾತ್ರ ಹಾರುತ್ತವೆ. ನಮ್ಮ ವಿಮಾನವು ಮಾಲೆಯ ನಿಲ್ದಾಣವನ್ನು ಸಂಜೆ ತಡವಾಗಿ ತಲುಪುವುದಾದರೆ ಆ ರಾತ್ರಿ ಅಲ್ಲಿಯೇ ತಂಗಬೇಕು. ದ್ವೀಪದಲ್ಲಿ ಕಾಯ್ದಿರಿಸಿದ ಮೊದಲ ರಾತ್ರಿಯ ಬಾಡಿಗೆ ವ್ಯರ್ಥವಾಗುವ ಸಂಭವವೂ ಉಂಟು. ವೇಗದ ದೋಣಿಯಲ್ಲಿ ತಲುಪಬಹುದಾದ ಹತ್ತಿರದ ದ್ವೀಪವನ್ನು ಆರಿಸಿದರೆ ಈ ತೊಂದರೆ ಕಡಿಮೆ.

ಮಿತವ್ಯಯದ ಇನ್ನೊಂದು ಮಾರ್ಗವೂ ಇದೆ. ಸ್ಥಳೀಯರು ವಾಸಿಸುವ ಮಾಫುಶಿಯಂತಹ ದ್ವೀಪಗಳಲ್ಲಿ ಅತಿಥಿಗೃಹಗಳಿವೆ. 50 ಅಥವಾ ಅದಕ್ಕಿಂತ ಕಡಿಮೆ ಕೋಣೆಗಳಿರುವ ಇಂತಹ ಅತಿಥಿಗೃಹಗಳಲ್ಲಿ ಹಸಿರು ತೆರಿಗೆ ತಲೆಗೆ ದಿನಕ್ಕೆ 6 ಡಾಲರ್. ದಿನಕ್ಕೆ 80 ಡಾಲರ್ ಬಾಡಿಗೆ ಎಂದು ಊಹಿಸಿ, ಅದೇ ರೀತಿ ಸೇವಾ ಶುಲ್ಕ ಮತ್ತು ತೆರಿಗೆಗಳನ್ನು ಸೇರಿಸಿದರೆ 4 ರಾತ್ರಿಗೆ 459.84 ಡಾಲರ್ ಆಗುತ್ತದೆ. ಆದರೆ ಅಲ್ಲಿ ಏಕಾಂತ ಕಡಿಮೆ. ಅದು ಮುಸ್ಲಿಂ ಜನವಸತಿಯ ಊರು. ಮದ್ಯಕ್ಕೆ ಅವಕಾಶವಿಲ್ಲ, ಈಜುಡುಗೆಗೆ ಪ್ರವಾಸಿಗರಿಗಾಗಿ ಗೊತ್ತುಪಡಿಸಿದ ತೀರ ಬೇರೆ ಇರುತ್ತದೆ.

ಭಾರತೀಯರಿಗೆ ಅಲ್ಲಿ ಪ್ರವಾಸಿ ವೀಸಾ ಆಗಮನದ ವೇಳೆ ಶುಲ್ಕವಿಲ್ಲದೆ ದೊರೆಯುತ್ತದೆ. ಪ್ರಯಾಣಕ್ಕೆ ಮುನ್ನ 96 ಗಂಟೆಗಳೊಳಗೆ 'ಇಮುಗ' ಎಂಬ ಸರ್ಕಾರಿ ಘೋಷಣೆಯನ್ನು ಅಂತರಜಾಲದಲ್ಲಿ ಸಲ್ಲಿಸಬೇಕು, ಇದಕ್ಕೂ ಶುಲ್ಕವಿಲ್ಲ. ಈ ಎರಡಕ್ಕೂ ಹಣ ಕೇಳುವ ಏಜೆಂಟರು ತಮ್ಮ ಸೇವೆಗೆ ಕೇಳುತ್ತಿದ್ದಾರೆಯೇ ಹೊರತು ಸರ್ಕಾರಕ್ಕೆ ಕಟ್ಟಲು ಅಲ್ಲ.

3. ನಮ್ಮ ದೇಶದ ದ್ವೀಪಗಳು ಮತ್ತು ತೀರಗಳು

ಅಂಡಮಾನಿಗೆ ಪಾಸ್‌ಪೋರ್ಟ್ ಬೇಡ, ವಿದೇಶಿ ವಿನಿಮಯ ಬೇಡ. ರಾಜಧಾನಿ ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದೂ, ಹ್ಯಾವ್ಲಾಕ್ ದ್ವೀಪಕ್ಕೆ 2018ರಲ್ಲಿ ಸ್ವರಾಜ್ ದ್ವೀಪ ಎಂದೂ ಹೆಸರಿಡಲಾಯಿತು. ಸ್ವರಾಜ್ ದ್ವೀಪದ ರಾಧಾನಗರ ತೀರ ನವದಂಪತಿಗಳಿಗೆ ಅಚ್ಚುಮೆಚ್ಚಿನದು. ಲಕ್ಷದ್ವೀಪಕ್ಕೆ ಹೊರಗಿನ ಭಾರತೀಯರಿಗೂ ಪ್ರವೇಶ ಪರವಾನಗಿ ಕಡ್ಡಾಯ. ಪರವಾನಗಿ ಕೈಗೆ ಬರುವ ಮುನ್ನ ಹಿಂದಿರುಗಿಸಲಾಗದ ಟಿಕೆಟ್ಟು ಕೊಳ್ಳುವುದು ವಿವೇಕವಲ್ಲ. ಲಕ್ಷದ್ವೀಪದ ಅಮಿನಿದಿವಿ ದ್ವೀಪಗಳು 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆಯ ಬಂದರಿನ ವರ್ತಕರಿಗೆ ಆ ದ್ವೀಪಗಳು ಹೊಸವೇನಲ್ಲ.

ಇನ್ನು ನಮ್ಮದೇ ಕರಾವಳಿ. ಕಾರವಾರದ ದೇವಬಾಗ, ಗೋಕರ್ಣದ ಓಂ ತೀರ, ಸಮುದ್ರದಾಳಕ್ಕೆ ಇಳಿದು ನೋಡುವವರಿಗೆ ಮುರ್ಡೇಶ್ವರದ ಬಳಿಯ ನೇತ್ರಾಣಿ, ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಹಗಲಿನಲ್ಲಿ ನೋಡಿ ಬರುವ ಸೇಂಟ್ ಮೇರಿಸ್ ದ್ವೀಪ ಇವೆ. ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ತೀರಗಳು 2020ರಲ್ಲಿ 'ನೀಲಿ ಬಾವುಟ' ಮಾನ್ಯತೆ ಪಡೆದವು. ಮಳೆಗಾಲದಲ್ಲಿ ಮಲ್ಪೆಯ ದೋಣಿಗಳೂ ನೇತ್ರಾಣಿಯ ಯಾನವೂ ನಿಲ್ಲುತ್ತವೆ ಎಂಬುದನ್ನು ಮಾತ್ರ ಮರೆಯಬಾರದು.

ದೇಶದೊಳಗಿನ ವಾಸ್ತವ್ಯದಲ್ಲಿ ತೆರಿಗೆಯ ಗಡಿಯೊಂದಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ವರೆಗಿನ ಕೋಣೆಗೆ ಜಿ.ಎಸ್.ಟಿ. ಶೇ. 5, ಅದಕ್ಕೆ ಮೀರಿದರೆ ಶೇ. 18. ಕೋಣೆಗೆ 7,400 ರೂ. ಆದರೆ ತೆರಿಗೆ 370 ರೂ.; ಒಟ್ಟು 7,770 ರೂ. ಅದೇ ಕೋಣೆಗೆ 7,600 ರೂ. ಆದರೆ ತೆರಿಗೆ 1,368 ರೂ.; ಒಟ್ಟು 8,968 ರೂ. ಬೆಲೆಯಲ್ಲಿ 200 ರೂ. ವ್ಯತ್ಯಾಸ, ಪಾವತಿಯಲ್ಲಿ ದಿನಕ್ಕೆ 1,198 ರೂ. ವ್ಯತ್ಯಾಸ. ಕೋಣೆ ಕಾಯ್ದಿರಿಸುವವರೂ ತಿಳಿದಿರಬೇಕಾದ, ಕರಾವಳಿಯಲ್ಲಿ ವಸತಿಗೃಹ ನಡೆಸುವ ಸದಸ್ಯರು ದರ ನಿಗದಿಪಡಿಸುವಾಗಲೂ ನೆನಪಿಡಬೇಕಾದ ಲೆಕ್ಕವಿದು.

4. ವಿದೇಶಿ ಪ್ಯಾಕೇಜಿನ ಮೇಲೆ ಮೂಲದಲ್ಲಿ ಸಂಗ್ರಹಿಸುವ ತೆರಿಗೆ

ವಿದೇಶ ಪ್ರವಾಸದ ಪ್ಯಾಕೇಜನ್ನು ಮಾರುವ ಏಜೆಂಟರು ಕೊಳ್ಳುವವರಿಂದ ಟಿ.ಸಿ.ಎಸ್. ವಸೂಲು ಮಾಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಬಂದಿತು. ಆರಂಭದ ದರ ಶೇ. 5. 2023ರ ಅಕ್ಟೋಬರ್ 1ರಿಂದ ವರ್ಷಕ್ಕೆ 7 ಲಕ್ಷ ರೂ. ವರೆಗೆ ಶೇ. 5, ಮೀರಿದ ಮೊತ್ತಕ್ಕೆ ಶೇ. 20 ಆಯಿತು. 2025ರ ಏಪ್ರಿಲ್ 1ರಿಂದ 7 ಲಕ್ಷದ ಮಿತಿ 10 ಲಕ್ಷಕ್ಕೆ ಏರಿತು. 2026ರ ಮುಂಗಡಪತ್ರವು ಮೊತ್ತದ ಮಿತಿಯನ್ನೇ ತೆಗೆದು, 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ದರವನ್ನು ಶೇ. 2ಕ್ಕೆ ಇಳಿಸಿತು. ಹಣ ಸಂದಾಯವಾದ ದಿನ ಅಥವಾ ಖಾತೆಗೆ ಖರ್ಚು ಬರೆದ ದಿನ, ಇವುಗಳಲ್ಲಿ ಯಾವುದು ಮೊದಲೋ ಆ ದಿನದ ದರ ಅನ್ವಯಿಸುತ್ತದೆ, ಪ್ರಯಾಣದ ದಿನವಲ್ಲ.

ಯಾವುದು ಪ್ಯಾಕೇಜ್ ಎಂಬುದನ್ನು ಕೇಂದ್ರ ನೇರ ತೆರಿಗೆಗಳ ಮಂಡಳಿಯು 2023ರ ಜೂನ್ 30ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಅಂತರರಾಷ್ಟ್ರೀಯ ಟಿಕೆಟ್, ಹೋಟೆಲ್ ವಾಸ್ತವ್ಯ, ಇತರೆ ಅದೇ ಸ್ವರೂಪದ ಖರ್ಚು, ಈ ಮೂರರಲ್ಲಿ ಕನಿಷ್ಠ ಎರಡು ಸೇರಿದ್ದರೆ ಮಾತ್ರ ಅದು ಪ್ಯಾಕೇಜ್. ಏಜೆಂಟರಿಂದ ಬರಿಯ ವಿಮಾನದ ಟಿಕೆಟ್ಟನ್ನು ಕೊಂಡರೆ ಈ ವಸೂಲಾತಿ ಇಲ್ಲ.

ಟಿ.ಸಿ.ಎಸ್. ಹೆಚ್ಚುವರಿ ತೆರಿಗೆಯಲ್ಲ, ಅದು ಮುಂಗಡವಾಗಿ ಕಟ್ಟಿದ ಆದಾಯ ತೆರಿಗೆ. ಬಿಲ್ಲಿನಲ್ಲಿ ಯಾರ ಪ್ಯಾನ್ ಸಂಖ್ಯೆ ಇದೆಯೋ ಅವರ ವಾರ್ಷಿಕ ತೆರಿಗೆ ವಿವರ ಪಟ್ಟಿಯಲ್ಲಿ ಅದು ಜಮೆಯಾಗುತ್ತದೆ. ತಂದೆ ಹಣ ಕೊಟ್ಟು, ಬಿಲ್ಲಿಗೆ ಮಗನ ಪ್ಯಾನ್ ಸಂಖ್ಯೆ ಹಾಕಿಸಿದರೆ ಜಮೆ ಮಗನದು. ಮಗನಿಗೆ ತೆರಿಗೆ ಬೀಳುವಷ್ಟು ಆದಾಯವಿಲ್ಲದಿದ್ದರೆ, ರಿಟರ್ನ್ ಸಲ್ಲಿಸಿ ಹಿಂಪಡೆಯದ ಹೊರತು ಆ ಹಣ ಸರ್ಕಾರದಲ್ಲಿಯೇ ಉಳಿಯುತ್ತದೆ. ಪ್ಯಾನ್ ಸಂಖ್ಯೆ ಕೊಡದಿದ್ದರೆ ಹೆಚ್ಚಿನ ದರದಲ್ಲಿ ವಸೂಲಾಗುತ್ತದೆ.

ಇನ್ನು ಹಿಂದೆ ಹೇಳಿದ 2,19,636 ರೂಪಾಯಿಯ ವಿಷಯ. ತನಗಾಗಿ ಅಥವಾ ಬೇರೆ ಯಾರಿಗಾದರೂ ಆಗಲಿ, ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷ ರೂ. ಮೀರಿ ಖರ್ಚು ಮಾಡಿದ ವ್ಯಕ್ತಿಯು, ಆದಾಯವು ತೆರಿಗೆಯ ಮಿತಿಗಿಂತ ಕೆಳಗಿದ್ದರೂ ರಿಟರ್ನ್ ಸಲ್ಲಿಸಲೇಬೇಕು. ನಾಲ್ಕು ರಾತ್ರಿಯ ಒಂದು ಮಧುಚಂದ್ರ ಈ ಮಿತಿಯನ್ನು ದಾಟಿಸಲು ಸಾಕು. ಮಗನ ಪ್ರವಾಸಕ್ಕೆ ಹಣ ಕೊಟ್ಟ ತಾಯಿ ಅಥವಾ ತಂದೆಗೆ ಈ ಬಾಧ್ಯತೆ ಬರುತ್ತದೆ ಎಂಬುದು ಅನೇಕರ ಗಮನಕ್ಕೆ ಬರುವುದೇ ಇಲ್ಲ. ಹಾಗೆಯೇ ಏಜೆಂಟರಿಗೆ ಒಂದೇ ಪ್ರವಾಸದ ಬಾಬ್ತು 2 ಲಕ್ಷ ರೂ. ಅಥವಾ ಅದಕ್ಕೂ ಹೆಚ್ಚು ನಗದು ಕೊಡುವುದು ಸಲ್ಲದು; ಪಡೆದವರಿಗೆ ಅಷ್ಟೇ ಮೊತ್ತದ ದಂಡದ ಭಯವಿದೆ.

5. ಖರ್ಚು ಯಾವ ಖಾತೆಗೆ?

ಇದು ಲೇಖನದ ಮುಖ್ಯ ಭಾಗ. ಮಧುಚಂದ್ರದ ಖರ್ಚು ವೈಯಕ್ತಿಕ ಖರ್ಚು. ವ್ಯಾಪಾರದ ಲಾಭದಿಂದ ಅದನ್ನು ಕಳೆಯಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ. 1961ರ ಕಾಯಿದೆಯಲ್ಲಿ ಇದು ಕಲಂ 37(1)ರ ವಿಷಯವಾಗಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾದ 2025ರ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದರೂ ತತ್ವ ಬದಲಾಗಿಲ್ಲ. 'ಪ್ರವಾಸ ವೆಚ್ಚ', 'ವ್ಯಾಪಾರ ಅಭಿವೃದ್ಧಿ ವೆಚ್ಚ' ಎಂದು ಶೀರ್ಷಿಕೆ ಬದಲಾಯಿಸಿದರೆ ಖರ್ಚಿನ ಸ್ವರೂಪ ಬದಲಾಗದು. ವರಮಾನ ಅಧಿಕಾರಿಗೆ ಮದುವೆಯ ದಿನಾಂಕ, ಪ್ರಯಾಣಿಕರ ಹೆಸರು, ರೆಸಾರ್ಟಿನ ಬಿಲ್ಲು ಈ ಮೂರನ್ನು ಅಕ್ಕಪಕ್ಕ ಇಟ್ಟು ನೋಡಲು ಐದು ನಿಮಿಷ ಸಾಕು.

(ಅ) ಸ್ವಂತ ಮಾಲೀಕತ್ವ ಮತ್ತು ಪಾಲುದಾರಿಕೆ: ಹಣ ಸಂಸ್ಥೆಯ ಖಾತೆಯಿಂದ ಹೋಗಿದ್ದರೆ ಮಾಲೀಕರ ಅಥವಾ ಸಂಬಂಧಪಟ್ಟ ಪಾಲುದಾರರ ಡ್ರಾಯಿಂಗ್ಸ್ ಖಾತೆಗೆ ಖರ್ಚು ಬರೆಯಬೇಕು. ಪಾಲುದಾರಿಕೆಯಲ್ಲಿ ಇದು ತೆರಿಗೆಯ ಪ್ರಶ್ನೆ ಮಾತ್ರವಲ್ಲ, ಸಾಮರಸ್ಯದ ಪ್ರಶ್ನೆಯೂ ಹೌದು. ಅಣ್ಣನ ಮಗನ ಪ್ರವಾಸವನ್ನು ಸಂಸ್ಥೆಯ ಖರ್ಚಿಗೆ ಬರೆದರೆ ಅದರ ಅರ್ಧ ಭಾರ ತಮ್ಮನ ಲಾಭದ ಪಾಲಿನ ಮೇಲೆ ಬೀಳುತ್ತದೆ. ತಮ್ಮ ಇಂದು ಮಾತಾಡದೆ ಇರಬಹುದು. ಲೆಕ್ಕ ಇತ್ಯರ್ಥದ ದಿನ ಮಾತಾಡದೆ ಇರಲಾರ.

(ಆ) ಖಾಸಗಿ ಕಂಪನಿ: ಕಂಪನಿಯ ಹಣ ನಿರ್ದೇಶಕರ ಹಣವಲ್ಲ. ನಿರ್ದೇಶಕರ ಮಗನ ಪ್ರವಾಸಕ್ಕೆ ಕಂಪನಿ ಹಣ ಕೊಟ್ಟರೆ ಅದು ನಿರ್ದೇಶಕರ ಕೈಯಲ್ಲಿ ಸಂಬಳದ ಭಾಗವಾಗಿ ತೆರಿಗೆಗೆ ಒಳಪಡಬಹುದು. ಸಾಲ ಎಂದು ತೋರಿಸಿದರೆ ಕಂಪನಿ ಕಾಯಿದೆಯ ಕಲಂ 185ರ ನಿರ್ಬಂಧ ಎದುರಾಗುತ್ತದೆ. ಶೇ. 10 ಅಥವಾ ಹೆಚ್ಚು ಮತಾಧಿಕಾರವಿರುವ ಷೇರುದಾರರಾದರೆ, ಕಂಪನಿಯ ಸಂಚಿತ ಲಾಭದ ಮಟ್ಟಿಗೆ ಆ ಸಾಲವೇ ಲಾಭಾಂಶವೆಂದು ಪರಿಗಣಿತವಾಗುವ ಅಪಾಯವೂ ಇದೆ. ಸಂಬಳವನ್ನೋ ಲಾಭಾಂಶವನ್ನೋ ಕ್ರಮವಾಗಿ ಪಡೆದು, ತೆರಿಗೆ ಕಟ್ಟಿ, ಉಳಿದ ಹಣದಲ್ಲಿ ಖರ್ಚು ಮಾಡುವುದೇ ನೇರ ದಾರಿ.

(ಇ) ಜಿ.ಎಸ್.ಟಿ. ಜಮೆ: ಬಿಲ್ಲಿಗೆ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ಹಾಕಿಸಿದ ಮಾತ್ರಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ವೈಯಕ್ತಿಕ ಬಳಕೆಯ ಸೇವೆಗಳಿಗೆ ಕಲಂ 17(5)ರಲ್ಲಿ ಸ್ಪಷ್ಟ ನಿಷೇಧವಿದೆ. ಮೇಲಾಗಿ ಹೋಟೆಲ್ ಸೇವೆಯ ಪೂರೈಕೆಯ ಸ್ಥಳ ಆ ಕಟ್ಟಡ ಇರುವ ಸ್ಥಳವೇ. ಗೋವಾದ ಹೋಟೆಲ್ ಗೋವಾ ರಾಜ್ಯದ ತೆರಿಗೆಯನ್ನೂ, ಅಂಡಮಾನಿನ ಹೋಟೆಲ್ ಕೇಂದ್ರಾಡಳಿತ ಪ್ರದೇಶದ ತೆರಿಗೆಯನ್ನೂ ಹಾಕುತ್ತದೆ. ಕರ್ನಾಟಕದಲ್ಲಿ ಮಾತ್ರ ನೋಂದಣಿಯಿರುವ ವರ್ತಕರಿಗೆ ಅದು ನಿಜವಾದ ವ್ಯಾಪಾರದ ಪ್ರವಾಸವಾಗಿದ್ದರೂ ಉಪಯೋಗಕ್ಕೆ ಬಾರದು. ತಪ್ಪಾಗಿ ಪಡೆದು ಬಳಸಿಕೊಂಡ ಜಮೆಯನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕಾಗುತ್ತದೆ.

(ಈ) ರೆಸಾರ್ಟಿಗೆ ನೇರ ಪಾವತಿ: ಬ್ಯಾಂಕಿನ ಮೂಲಕ ವಿದೇಶಕ್ಕೆ ನೇರವಾಗಿ ಹಣ ಕಳುಹಿಸುವುದಾದರೆ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯ ಅಡಿ ಕಳುಹಿಸಬೇಕು. ಈ ಯೋಜನೆ ನಿವಾಸಿ ವ್ಯಕ್ತಿಗಳಿಗೆ ಮಾತ್ರ, ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿಯಲ್ಲಿ. ಪಾಲುದಾರಿಕೆ ಸಂಸ್ಥೆಗಳಿಗೂ ಕಂಪನಿಗಳಿಗೂ ಇದು ಅನ್ವಯಿಸದು.

ತಂದೆ ತನ್ನ ಸ್ವಂತ ಉಳಿತಾಯ ಖಾತೆಯಿಂದ ಮಗನಿಗೋ ಮಗಳಿಗೋ ಹಣ ಕೊಟ್ಟರೆ ಯಾವ ತೊಡಕೂ ಇಲ್ಲ. ಅದು ಸಮೀಪ ಬಂಧುವಿನಿಂದ ಬಂದ ಉಡುಗೊರೆ, ಪಡೆದವರಿಗೆ ತೆರಿಗೆಯಿಲ್ಲ. ಆ ಹಣದಿಂದ ದಂಪತಿಗಳು ತಮ್ಮ ಹೆಸರಿನಲ್ಲಿ, ತಮ್ಮ ಪ್ಯಾನ್ ಸಂಖ್ಯೆಯಲ್ಲಿ ಪ್ಯಾಕೇಜ್ ಕೊಂಡರೆ ಬಿಲ್ಲು, ಪಾವತಿ ಮತ್ತು ಪ್ರಯಾಣ ಮೂರೂ ಒಬ್ಬರದೇ ಆಗುತ್ತವೆ.

6. ಕಂಪನಿಯವರು ಕೊಟ್ಟ ಉಚಿತ ಪ್ರವಾಸ

ಸಿಮೆಂಟು, ಬಣ್ಣ, ಟೈರು ಮುಂತಾದ ಸರಕುಗಳ ವಿತರಕರಿಗೆ ಮಾರಾಟದ ಗುರಿ ಮುಟ್ಟಿದ್ದಕ್ಕೆ ಇಬ್ಬರ ವಿದೇಶ ಪ್ರವಾಸ ದೊರೆಯುವುದುಂಟು. ಆ ವರ್ಷ ಮನೆಯಲ್ಲಿ ಮದುವೆಯಿದ್ದರೆ ಪ್ರವಾಸ ನವದಂಪತಿಗಳ ಪಾಲಾಗುತ್ತದೆ. ಇದು ಮದುವೆಯ ಉಡುಗೊರೆಯಲ್ಲ. 2022ರ ಜುಲೈ 1ರಿಂದ, ವ್ಯಾಪಾರದ ನಿಮಿತ್ತ ವರ್ಷದಲ್ಲಿ 20,000 ರೂ. ಮೀರಿದ ಇಂತಹ ಪ್ರಯೋಜನ ಕೊಡುವವರು ಶೇ. 10ರಷ್ಟು ತೆರಿಗೆ ಕಡಿತವನ್ನು ಖಚಿತಪಡಿಸಬೇಕು. ಪ್ರವಾಸದ ಮೌಲ್ಯ ವಿತರಕರ ವ್ಯಾಪಾರದ ಆದಾಯವಾಗುತ್ತದೆ. ಅದನ್ನು ಬಂಧುಗಳು ಬಳಸಿದರೂ ಆದಾಯ ವಿತರಕ ಸಂಸ್ಥೆಯದೇ.

ಪ್ರವಾಸದ ಮೌಲ್ಯ 1,80,000 ರೂ. ಎಂದಿಟ್ಟುಕೊಳ್ಳೋಣ. ವಿತರಕರದು ಪಾಲುದಾರಿಕೆ ಸಂಸ್ಥೆಯಾದರೆ ಶೇ. 30ರ ತೆರಿಗೆ 54,000 ರೂ., ಶೇ. 4ರ ಸೆಸ್ 2,160 ರೂ.; ಒಟ್ಟು 56,160 ರೂ. ಇದರಲ್ಲಿ ಕಡಿತವಾದ 18,000 ರೂ. ಕಳೆದು 38,160 ರೂ. ಇನ್ನೂ ಕಟ್ಟಬೇಕು. ಪುಸ್ತಕದಲ್ಲಿ ಈ ಪ್ರವಾಸವನ್ನು ನಮೂದಿಸದೆ ಬಿಟ್ಟರೂ ಕಂಪನಿಯು ಸಲ್ಲಿಸಿದ ವಿವರದ ಮೂಲಕ ಅದು ಇಲಾಖೆಯ ದಾಖಲೆಯಲ್ಲಿ ಸಂಸ್ಥೆಯ ಹೆಸರಿನ ಮುಂದೆ ಬಂದಿರುತ್ತದೆ. ಹಾಗಾಗಿ ಪ್ರವಾಸವನ್ನು ಒಪ್ಪುವ ಮುನ್ನವೇ ಕಂಪನಿಯಿಂದ ಅದರ ಮೌಲ್ಯವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಸಂಸ್ಥೆ ತೆರಿಗೆ ಕಟ್ಟಿ, ಒಬ್ಬ ಪಾಲುದಾರರ ಮಕ್ಕಳು ಪ್ರವಾಸ ಮಾಡಿದರೆ, ಆ ಮೌಲ್ಯವನ್ನು ಅವರ ಡ್ರಾಯಿಂಗ್ಸ್‌ಗೆ ಬರೆಯುವುದು ಉಳಿದ ಪಾಲುದಾರರಿಗೆ ನ್ಯಾಯ.

7. ಸಾರಾಂಶ

1) ದರಪಟ್ಟಿಯಲ್ಲಿ ತೆರಿಗೆ, ಸೇವಾ ಶುಲ್ಕ ಮತ್ತು ದ್ವೀಪಕ್ಕೆ ಸಾಗಣೆ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.
2) ವಿಮಾನ ತಲುಪುವ ಸಮಯವನ್ನೂ ಮಳೆಯ ತಿಂಗಳುಗಳನ್ನೂ ನೋಡಿ ದಿನಾಂಕ ನಿಶ್ಚಯಿಸಿ, ರದ್ದುಪಡಿಸಿದರೆ ಎಷ್ಟು ಹಣ ಹಿಂದಿರುಗುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ.
3) ಪ್ರಯಾಣ ಮಾಡುವವರ ಹೆಸರು ಮತ್ತು ಪ್ಯಾನ್ ಸಂಖ್ಯೆಯಲ್ಲಿಯೇ ಬಿಲ್ಲು ಪಡೆಯಿರಿ, ಪಾವತಿ ಬ್ಯಾಂಕಿನ ಮೂಲಕವೇ ಇರಲಿ.
4) ಸಂಸ್ಥೆಯ ಹಣ ಬಳಸಿದ್ದರೆ ಅದೇ ದಿನ ಡ್ರಾಯಿಂಗ್ಸ್ ಖಾತೆಗೆ ಬರೆಯಿರಿ, ವರ್ಷಾಂತ್ಯದವರೆಗೆ ತೂಗುಖಾತೆಯಲ್ಲಿ ಇಡಬೇಡಿ.
5) ಟಿ.ಸಿ.ಎಸ್. ಜಮೆಯಾದುದನ್ನು ಪರಿಶೀಲಿಸಿ, ರಿಟರ್ನಿನಲ್ಲಿ ಕೇಳಿಕೊಳ್ಳಿ.

ತೆರಿಗೆಯ ದರಗಳು ಕಳೆದ ಕೆಲವೇ ವರ್ಷಗಳಲ್ಲಿ ಎಷ್ಟು ಸಲ ಬದಲಾಗಿವೆ ಎಂಬುದನ್ನು ಮೇಲೆ ನೋಡಿದ್ದೇವೆ. ಆದ್ದರಿಂದ ಮುಂಗಡ ಕೊಡುವ ದಿನದ ದರವನ್ನು ತಮ್ಮ ಲೆಕ್ಕ ಪರಿಶೋಧಕರಿಂದ ಖಚಿತಪಡಿಸಿಕೊಳ್ಳುವುದು ಒಳಿತು. ಮಕ್ಕಳಿಗೆ ದ್ವೀಪದ ನಾಲ್ಕು ದಿನಗಳನ್ನು ಕೊಡಲು ಶಕ್ತಿಯಿರುವವರು ಸಂತೋಷದಿಂದ ಕೊಡಲಿ. ಅದು ಮನೆಯ ಹಣದಿಂದ ಆಗಲಿ. ಅಂಗಡಿಯ ಪುಸ್ತಕದಲ್ಲಿ ಅಂಗಡಿಯ ಲೆಕ್ಕ ಮಾತ್ರ ಇರಲಿ.